ಅಟ್ಟದ ಕೆಳಗೆ ಬಿಟ್ಟ ಬೂಟುಗಳು

ಈಗ ಜಗತ್ತಿನ ಯಾವ ಮೂಲೆಯ ಕುಣಿತ ಬೇಕಾದರೂ ಮೊಬೈಲು ಒತ್ತಿದರೆ ಬರುತ್ತದೆ. ನಾನು ಏಳನೇ ತರಗತಿಯಲ್ಲಿದ್ದ ಕಾಲಕ್ಕೆ ಹಾಗಿರಲಿಲ್ಲ. ಜಮಖಂಡಿಯ ನಮ್ಮ ಓಣಿಗೆಲ್ಲ ಸೇರಿ ಫೋನಿದ್ದದ್ದು ಒಂದು ಮನೆಯಲ್ಲಿ, ಕೇಬಲ್ ಟಿವಿ ಇದ್ದದ್ದು ಮೂರು ಮನೆಯಲ್ಲಿ. ಕುಣಿತ ನೋಡಬೇಕೆಂದರೆ ಕುಣಿಯುವವರಿದ್ದಲ್ಲಿಗೆ ನಾವು ಹೋಗಬೇಕಿತ್ತು, ಇಲ್ಲವೇ ಅವರೇ ನಮ್ಮೂರಿಗೆ ಬರಬೇಕಿತ್ತು. ನನ್ನ ವಾರಿಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಚಳಿಗಾಲದಲ್ಲಿ ಐರ್ಲೆಂಡ್ ಎಂಬ ದೇಶದಿಂದ ಎಂಟು ಮಂದಿ ಕುಣಿಯುವವರು ನಮ್ಮೂರಿಗೆ ಬಂದರು. ಅದನ್ನು ನೆನೆಸಿಕೊಂಡು ಹೆಮ್ಮೆ ಪಡುವವರು ಊರಿನಲ್ಲಿ ಈಗಲೂ ಇದ್ದಾರೆ. ನಾನು ಅವರ ನಡುವೆ ಕೂತಿದ್ದರೆ ಏನಾದರೂ ನೆಪ ಹೇಳಿ ಎದ್ದು ಹೋಗುತ್ತೇನೆ.

ಎಳ್ಳ ಅಮಾವಾಸ್ಯೆ ಮುಗಿದು ಸಂಕ್ರಾಂತಿ ಬರುವ ನಡುವಿನ ದಿನಗಳವು. ಮುಧೋಳ ರಸ್ತೆಗುಂಟ ಗಾಣಗಳು ಸುರುವಾಗಿ, ಗಾಳಿ ತಿರುಗಿದಾಗಲೆಲ್ಲ ಬೆಲ್ಲ ಕುದಿಯುವ ವಾಸನೆ ಓಣಿಯೊಳಗೆ ಬರುತ್ತಿತ್ತು. ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳ ಹಿಂದೆ ಓಡಿ ನಾವು ಹುಡುಗಿಯರು ಒಂದೊಂದು ಗಳ ಎಳೆದುಕೊಳ್ಳುತ್ತಿದ್ದೆವು. ಗಾಡಿಯವರು ತಿರುಗಿ ನೋಡದೆಯೇ ಬೈಯುತ್ತಿದ್ದರು. ಅವ್ವ ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಪಲ್ಯ ದಿನಾ ಇರುತ್ತಿತ್ತು. ಸಾಲಿಯಿಂದ ಬಂದು ಅದನ್ನು ತಿಂದು, ಬಾಯಿ ಒರೆಸಿಕೊಳ್ಳುವ ಮೊದಲೇ ಅಂಗಳದಲ್ಲಿ ಇದ್ದಿಲಿನಿಂದ ಮನೆ ಗೀರಿ ಕುಂಟಬಿಲ್ಲೆ ಆಡಲು ನಿಲ್ಲುತ್ತಿದ್ದೆವು.

ಆಗ ಮುತ್ಯಾ ನಮ್ಮ ಮನೆಯಲ್ಲಿದ್ದ. ಮುತ್ಯಾ ಅಂದರೆ ಅವ್ವನ ಅಪ್ಪ, ಹುನ್ನೂರಿನವನು. ಎರಡು ವರ್ಷದಿಂದ ಮಂಜಾಗುತ್ತ ಬಂದಿದ್ದ ಅವನ ಕಣ್ಣು ಆ ಮಳೆಗಾಲದಲ್ಲಿ ಪೂರ್ತಿ ಹೋಗಿತ್ತು. ಅಪ್ಪ ಅವನನ್ನು ನಾಲ್ಕು ಸಲ ಮಿರಜಿಗೆ ಕರೆದುಕೊಂಡು ಹೋಗಿ ಬಂದಿದ್ದ. ಕಣ್ಣಿನೊಳಗಿನ ನರ ಒಣಗಿದೆ, ಇನ್ನು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವ್ವ ಹಟ ಹಿಡಿದು ಅವನನ್ನು ಜಮಖಂಡಿಗೆ ಕರೆತಂದಿದ್ದಳು. ಪಡಸಾಲೆಯ ಮೂಲೆಯ ಹೊರಸಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಅವನು ಕೂತಿರುತ್ತಿದ್ದ. ಉಣ್ಣು ಅಂದರೆ ಉಣ್ಣುತ್ತಿದ್ದ, ಮಲಗು ಅಂದರೆ ಮಲಗುತ್ತಿದ್ದ. ತಾನಾಗಿ ಏನೂ ಕೇಳುತ್ತಿರಲಿಲ್ಲ.

ಹುನ್ನೂರಿನಲ್ಲಿ ಅವನು ಬಯಲಾಟದ ಮಾಸ್ತರನಾಗಿದ್ದ. ಬನ್ನಿ ಹಬ್ಬ ಮುಗಿದ ಮೇಲೆ ಹೊಲದ ಕೆಲಸ ಮುಗಿಸಿ ಬಂದವರಿಗೆ ಮಾತು, ಹಾಡು, ಕುಣಿತ ಕಲಿಸಿ ಯುಗಾದಿಯ ಮುಂದೆ ಅಟ್ಟ, ಅಂದರೆ ಹಲಗೆಯ ವೇದಿಕೆ, ಹತ್ತಿಸುವುದು ಅವನ ಕೆಲಸ. ಅವನು ಕಲಿಸುವ ರೀತಿ ಬೇರೆ ಯಾರಿಗೂ ಇರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಕಣ್ಣು ಚೆನ್ನಾಗಿದ್ದ ಕಾಲದಲ್ಲೂ ಅವನು ಕುಣಿಯುವವರಿಗೆ ಬೆನ್ನು ಮಾಡಿ ಕೂತೇ ತಾಲೀಮು ಮಾಡಿಸುತ್ತಿದ್ದನಂತೆ. ಹಲಗೆಯ ಮೇಲೆ ಬಿದ್ದ ಹೆಜ್ಜೆಯ ಸದ್ದಿನಿಂದಲೇ, ತಿರುಗಿ ನೋಡದೆ, "ಮೂರನೇದಾಂವ, ಹಿಂಬಡ ಮೊದಲ ಊರಾಕತ್ತಿ, ತಪ್ಪು" ಅನ್ನುತ್ತಿದ್ದನಂತೆ. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ.

"ಮಾರಿ ನೋಡಿದರ ಮನಷ್ಯಾ ಕಾಣತಾನವ್ವಾ. ಹೆಜ್ಜಿ ಕಾಣೂದಿಲ್ಲ," ಅಂದಿದ್ದ.

ಆ ಹೆಜ್ಜೆ ಕೇಳುತ್ತಿದ್ದದ್ದೂ ಒಂದೇ ಕಿವಿಯಲ್ಲಿ. ಸಣ್ಣವನಿದ್ದಾಗ ಕೀವು ತುಂಬಿ ಎಡಗಿವಿ ಹೋಗಿತ್ತು. ಉಳಿದ ಬಲಗಿವಿ ಎಷ್ಟು ಚುರುಕಿತ್ತೆಂದರೆ, ಅಂಗಳದಲ್ಲಿ ನಾವು ಕುಂಟುವುದನ್ನು ಕೇಳಿಯೇ ಹೆಸರು ಹೇಳುತ್ತಿದ್ದ. "ಇದು ಸುವರ್ಣಾ, ಕಾಲು ಎಳೀತಾಳ. ಇದು ನಮ್ಮ ರೇಣಿ, ಕತ್ತಿ ಒದ್ದಂಗ ಒದೀತಾಳ." ನನ್ನನ್ನು ಕತ್ತೆಗೆ ಹೋಲಿಸಿದ್ದಕ್ಕೆ ಗೆಳತಿಯರು ನಕ್ಕು ಹೊರಳಾಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೂ ಅವನು ಬಾಯಿ ತೆರೆದು ಮಾತಾಡಿದನಲ್ಲ ಎಂದು ಒಳಗೊಳಗೇ ಸಂತೋಷವಾಗುತ್ತಿತ್ತು.

ಅಮಾವಾಸ್ಯೆಯ ಮರುದಿನ ಹುನ್ನೂರಿನಿಂದ ಇಬ್ಬರು ಬಂದಿದ್ದರು, ಬಸಪ್ಪ ಮತ್ತು ಈರಪ್ಪ. ಇಬ್ಬರೂ ಮುತ್ಯಾನ ಕೈಯಲ್ಲಿ ಕಲಿತವರು. ಈ ವರ್ಷವೂ ನೀವೇ ಬಂದು ಕಲಿಸಬೇಕು, ಉಳಿಯುವುದಕ್ಕೆ ಉಣ್ಣುವುದಕ್ಕೆ ಎಲ್ಲ ನಮ್ಮ ಮನೆಯಲ್ಲೇ ಎಂದು ಗಂಟುಬಿದ್ದರು.

"ಕಣ್ಣಿಲ್ಲದಾಂವನ್ನ ಒಯ್ದು ಏನ ಮಾಡ್ತೀರ್ಯೋ?" ಅಂದ ಮುತ್ಯಾ.

"ನೀವು ಯಾವತ್ತ ನಮ್ಮನ್ನ ನೋಡೀರಿ, ಮಾಸ್ತರ್ರ?" ಎಂದ ಬಸಪ್ಪ. "ಕಿವಿ ಐತೆಲ್ಲ, ಸಾಕ್ರಿ ನಮಗ."

ಮುತ್ಯಾ ಒಲ್ಲೆ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ವಿಚಾರ ಮಾಡಿ ಹೇಳುತ್ತೇನೆ ಎಂದು ಕಳಿಸಿದ. ಅವರು ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ನನ್ನನ್ನು ಹತ್ತಿರ ಕರೆದು, "ಅಪ್ಪ ಹೂಂ ಅಂದ್ರ ಇನ್ನ ನಾಲ್ಕ ವರ್ಷ ಬದಕತಾನ. ಇಲ್ಲಂದ್ರ ಆ ಹೊರಸಿನ ಮ್ಯಾಲ ಕುಂತ ಹೋಗತಾನ ನೋಡು," ಅಂದಳು. ಹನ್ನೆರಡು ವರ್ಷದವಳ ಮುಂದೆ ಹಾಗೆ ಹೇಳಬೇಕಿರಲಿಲ್ಲ. ಆದರೆ ಹೇಳಿಕೊಳ್ಳಲು ಅವಳಿಗೆ ಬೇರೆ ಯಾರಿದ್ದರು? ಅಪ್ಪ ಮುಧೋಳದ ಕಡೆ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಕಬ್ಬು ಅರೆಯುವ ಕಾಲದಲ್ಲಿ ಮನೆಗೆ ಬಂದು ಮಲಗಿದರೆ ಅದೇ ದೊಡ್ಡದು.

ಐರ್ಲೆಂಡಿನವರ ಸುದ್ದಿ ಬಂದದ್ದು ಅದೇ ವಾರ. ಊರ ಹೊರಗಿನ ಕಾಲೇಜಿನಲ್ಲಿ ಏನೋ ದೊಡ್ಡ ವರ್ಷಾಚರಣೆ. ಬೆಳಗಾವಿಗೆ ಬಂದಿದ್ದ ತಂಡವೊಂದನ್ನು ಒಂದು ಕಾರ್ಯಕ್ರಮಕ್ಕೆ ಇತ್ತ ಕರೆಸಿದ್ದರು. ಕಾಲೇಜಿನ ಕನ್ನಡ ಮೇಷ್ಟ್ರು ಕುಲಕರ್ಣಿ ಸರ್ ಮನೆಗೆ ಬಂದು ಮುತ್ಯಾನ ಎದುರು ಕೂತರು.

"ಮಾಸ್ತರ್ರ, ರಂಗಪೂಜಿ ನಿಮ್ಮ ಕೈಲೆ ಆಗಬೇಕ್ರಿ. ನೀವು ಹಚ್ಚಿದ ದೀಪದ ಮುಂದ ಆ ಮಂದಿ ಕುಣೀಲಿ."

"ಅಲ್ಲಿ ಬಂದು ನಾ ಏನ ನೋಡ್ಲಿರಿ ಸರ? ಕಣ್ಣಿದ್ದಾವರನ್ನ ಕರೀರಿ."

"ಹಂಗಲ್ರಿ. ಅವರು ಸಿಮೆಂಟಿನ ಮ್ಯಾಲ ಕುಣಿಯೂದಿಲ್ಲಂತ. ಕಟ್ಟಿಗಿ ಹಲಗಿ ಹಾಸ್ರಿ ಅಂತ ಮುಂಚೇನ ಪತ್ರ ಬರದಾರ."

ಗೋಡೆಗೆ ಒರಗಿದ್ದ ಮುತ್ಯಾ ಮುಂದೆ ಬಂದ. "ಹಲಗಿ ಕೇಳ್ಯಾರ?"

"ಹೌದ್ರಿ."

"ಹಂಗಾರ ಕಾಲಿನ ಸದ್ದು ಬಲ್ಲ ಮಂದಿ," ಅಂದ. ಆದರೆ ಬರುತ್ತೇನೆ ಅನ್ನಲಿಲ್ಲ. ಸರ್ ಚಹಾ ಕುಡಿದು, ಇನ್ನೊಮ್ಮೆ ವಿಚಾರ ಮಾಡಿರಿ ಎಂದು ಹೇಳಿ ಹೋದರು.

ಪಾಹುಣೆಯರಿಗೆ, ಅಂದರೆ ಬಂದ ಅತಿಥಿಗಳಿಗೆ, ಆರತಿ ಎತ್ತಲು ನಮ್ಮ ಸಾಲಿಯಿಂದ ಹತ್ತು ಹುಡುಗಿಯರನ್ನು ಆರಿಸಿದ್ದರು. ಅದರಲ್ಲಿ ನಾನೂ ಒಬ್ಬಳು. ಹಿಂದಿನ ದಿನ ಮಧ್ಯಾಹ್ನ ಎಲ್ಲಿ ನಿಲ್ಲಬೇಕು, ಹೇಗೆ ನಡೆಯಬೇಕು ಎಂದು ತೋರಿಸಲು ಕಾಲೇಜಿನ ಬಯಲಿಗೆ ಕರೆದುಕೊಂಡು ಹೋದರು. ವೇದಿಕೆಯ ಮೇಲೆ ಹೊಸ ಹಲಗೆ ಹಾಸಿದ್ದರು, ಹತ್ತಿರ ಹೋದರೆ ಮರದ ಹೊಟ್ಟಿನ ವಾಸನೆ. ಆಗಲೇ ಬಂದಿಳಿದಿದ್ದ ತಂಡದವರು ಅದರ ಮೇಲೆ ಕಾಲು ಆಡಿಸಿ ನೋಡುತ್ತಿದ್ದರು. ಆರು ಹುಡುಗಿಯರು, ಇಬ್ಬರು ಗಂಡಸರು. ಪಿಟೀಲು, ಕೊಳಲು ನುಡಿಸುವವರು ಬೇರೆ.

ಅವರ ಕಾಲಲ್ಲಿ ಕರಿ ಚರ್ಮದ ಬೂಟುಗಳಿದ್ದವು. ಬೆರಳಿನ ಕಡೆ ಮತ್ತು ಹಿಮ್ಮಡಿಯ ಕೆಳಗೆ ದಪ್ಪನೆಯ ಗಟ್ಟಿ ಅಟ್ಟೆ. ಪಿಟೀಲು ಸುರುವಾಯಿತು, ಎಂಟೂ ಮಂದಿ ಸಾಲಾಗಿ ನಿಂತರು. ಸೊಂಟದಿಂದ ಮೇಲೆ ಒಬ್ಬರೂ ಅಲುಗಲಿಲ್ಲ. ಕೈ ಎರಡೂ ಪಕ್ಕೆಗೆ ಹೊಲಿದಂತೆ ನೆಟ್ಟಗೆ. ಕಾಲು ಮಾತ್ರ ಯಾರದೋ ಬೇರೆಯವರದು ಎಂಬಂತೆ ಹಾರುತ್ತಿದ್ದವು, ತಿರುಗುತ್ತಿದ್ದವು, ಹಲಗೆಯನ್ನು ಬಡಿಯುತ್ತಿದ್ದವು. ಆ ಸದ್ದು ಮೊದಲು ನನ್ನ ಅಂಗಾಲಿಗೆ ಬಂತು, ಆಮೇಲೆ ಎದೆಗೆ. ಆರತಿಯ ತಟ್ಟೆ ಹಿಡಿದುಕೊಂಡು ನಿಲ್ಲುವುದನ್ನು ಕಲಿಯಲು ಬಂದ ನಾವು ಹತ್ತೂ ಮಂದಿ ಬಾಯಿ ತೆರೆದು ನಿಂತಿದ್ದೆವು. ನನಗೆ ಮುತ್ಯಾನ ನೆನಪಾಯಿತು. ಇದನ್ನು ಅವನು ಕೇಳಬೇಕು ಅನ್ನಿಸಿತು. ಕೇಳಿದರೆ ಹುನ್ನೂರಿನವರಿಗೆ ಹೂಂ ಅಂದೇ ಅನ್ನುತ್ತಾನೆ ಎಂದು ನಾನು ಗಟ್ಟಿ ಮಾಡಿಕೊಂಡೆ.

ಮನೆಯತನಕ ಓಡಿದೆ. ಓಡುವಾಗಲೇ ಒಂದು ತೊಡಕು ನೆನಪಾಯಿತು, ಬೂಟು. ಹಿಂದೆ ಹುನ್ನೂರಿನಲ್ಲಿ ದೊಡ್ಡ ಮನೆತನದ ಬೀಗರೊಬ್ಬರು ಆಟದ ನಡುವೆ ಪಾತ್ರಧಾರಿಗಳಿಗೆ ಆಹೇರಿಯ ಉಡುಗೊರೆ ಕೊಡಲು ಕಾಲಿನ ಕಾಲ್ಮರಿ ಕಳಚದೆಯೇ ಅಟ್ಟ ಹತ್ತಿದ್ದರಂತೆ. ಮುತ್ಯಾ ಆಟ ನಿಲ್ಲಿಸಿ, ಅವರನ್ನು ಕೆಳಗಿಳಿಸಿ, ಹಲಗೆ ತೊಳೆಸಿ, ಮತ್ತೆ ಊದಿನಕಡ್ಡಿ ಹಚ್ಚಿಸಿದ ಮೇಲೆಯೇ ಮುಂದಿನ ಹಾಡಂತೆ. ಅವ್ವ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದಳು. ಪೂಜೆಯಾದ ಅಟ್ಟದ ಮೇಲೆ ಚರ್ಮದ ಬೂಟು ಹಾಕಿಕೊಂಡು ಕುಣಿಯುತ್ತಾರೆ ಎಂದು ಹೇಳಿದರೆ ಅವನು ಹೊರಸು ಬಿಟ್ಟು ಏಳುವುದೇ ಇಲ್ಲ. ಹಾಗಾಗಿ ನಾನು ಅದನ್ನು ಹೇಳದಿರಲು ನಿರ್ಧರಿಸಿದೆ. ಒಮ್ಮೆ ಕೇಳಿಬಿಟ್ಟರೆ ಆಮೇಲೆ ಅವನೇ ಸೋಲುತ್ತಾನೆ ಎಂದುಕೊಂಡೆ.

"ಮುತ್ಯಾ, ಅವರು ಕುಣದ್ರ ಹತ್ತ ಕುದುರಿ ಹಲಗಿ ಮ್ಯಾಲ ಓಡಿಧಂಗ ಕೇಳತೈತಿ."

"ಗೆಜ್ಜಿ ಕಟ್ಟ್ಯಾರೇನ?"

"ಇಲ್ಲ."

"ಗೆಜ್ಜಿ ಇಲ್ಲದ ಅಂಥಾ ಸದ್ದು?"

"ಹೂಂ. ಬರೇ ಕಾಲಿಂದು," ಅಂದೆ.

ಅವನು ಹೊರಸಿನ ಚೌಕಟ್ಟಿನ ಮೇಲೆ ಬೆರಳಿನಿಂದ ಬಡಿದು, "ಹಿಂಗೇನ?" ಅಂದ. ಇನ್ನೂ ಜಲ್ದಿ ಅಂದೆ. ಮತ್ತೆ ಬಡಿದ. ನಾನೂ ಈ ಕಡೆಯಿಂದ ಬಡಿದೆ. ಇಬ್ಬರೂ ಸೇರಿ ಆ ಹಳೆಯ ಹೊರಸನ್ನು ಮುರಿದುಬಿಡುವಂತೆ ಬಡಿಯುತ್ತಿದ್ದಾಗ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಳು, ಹಿಟ್ಟಿನ ಕೈ ಹಾಗೇ ಇತ್ತು. ಎಷ್ಟೋ ತಿಂಗಳ ಮೇಲೆ ಮುತ್ಯಾನ ಹಲ್ಲು ಕಂಡವು.

"ಯವ್ವಾ, ನನ್ನ ಜರಿ ರುಮಾಲು ತಗದಿಡು. ನಾಳಿ ಹೋಗೂಣು," ಎಂದು ಅವ್ವನಿಗೆ ಹೇಳಿದ. ಆಮೇಲೆ, "ಕೇಳಿ ಬಂದ ಮ್ಯಾಲ ಬಸಪ್ಪಗ ಹೇಳಿ ಕಳಸ್ತೀನಿ," ಅಂದ.

ಮರುದಿನ ಸಂಜೆ ಬಯಲು ತುಂಬಿತ್ತು. ತೇರದಾಳ, ರಬಕವಿ, ಬನಹಟ್ಟಿಯಿಂದಲೂ ಮಂದಿ ಬಂದಿದ್ದರು. ಬೀಳಗಿಯ ಕಡೆಯಿಂದ ಒಂದು ಟ್ರ್ಯಾಕ್ಟರು ತುಂಬ ಹೆಣ್ಣುಮಕ್ಕಳು ಬಂದಿದ್ದರು. ಗೇಟಿನ ಹತ್ತಿರ ಮಿರ್ಚಿ ಭಜಿ, ಚುರುಮುರಿ ಗಾಡಿಗಳು. ಮುತ್ಯಾ ಬಿಳಿ ಧೋತರ, ಜರಿ ರುಮಾಲು ಸುತ್ತಿ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದ. ಗುರುತಿದ್ದವರು ಬಂದು ಕಾಲು ಮುಟ್ಟಿದರು. ಅವನು ದನಿ ಕೇಳಿ ಒಬ್ಬೊಬ್ಬರ ಹೆಸರು ಹೇಳಿದ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಪಾಹುಣೆಯರಿಗೆ ಆರತಿ ಎತ್ತಿ ಬಂದು ನಾನು ಮತ್ತೆ ಮುತ್ಯಾನ ಪಕ್ಕ ನಿಂತೆ. ಅಟ್ಟದ ಮೆಟ್ಟಿಲು ಹತ್ತುವ ಮೊದಲು ಅವನು ಬಾಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಾಯಿ ಒಡೆದ, ಅರಿಷಿಣ ಕುಂಕುಮ ಏರಿಸಿದ, ನಾನು ಕೈ ಹಿಡಿದು ತೋರಿಸಿದ ಕಡೆ ದೀಪ ಹಚ್ಚಿದ. ಎಂಟು ಮಂದಿ ಕುಣಿಯುವವರು ಹಸಿರು ಬಟ್ಟೆ ತೊಟ್ಟು, ಬೂಟು ಬಿಗಿದುಕೊಂಡು ಕೆಳಗೆ ಮೆಟ್ಟಿಲ ಬಳಿ ಕಾದು ನಿಂತಿದ್ದರು. ಪೂಜೆ ಮುಗಿಯಿತು. ಕುಲಕರ್ಣಿ ಸರ್ ಎರಡು ಮಾತು ಹೇಳಿರಿ ಎಂದು ಮೈಕನ್ನು ಮುತ್ಯಾನ ಬಾಯಿಗೆ ಹಿಡಿದರು.

"ಪೂಜಿ ಆತು. ಇನ್ನ ಇದು ಬರೇ ಹಲಗಿ ಅಲ್ಲ," ಅಂದ ಮುತ್ಯಾ. "ಯಾರ ಹತ್ತಿದರೂ ಕಾಲಾಗಿಂದು ಕೆಳಗ ಬಿಟ್ಟು ಹತ್ರಿ. ಊರವರ ಇರ್ಲಿ, ಪಾಹುಣ್ಯಾರ ಇರ್ಲಿ."

ಅವನು ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ಪ್ರತಿ ಆಟದ ಮುಂದೆ ಹೇಳುತ್ತಿದ್ದ ಮಾತನ್ನು ಅಂದೂ ಹೇಳಿದ್ದ. ಆದರೆ ಬಯಲಿಗೆ ಬಯಲೇ ಚಪ್ಪಾಳೆ ತಟ್ಟಿತು. ಕುಲಕರ್ಣಿ ಸರ್ ಹಿಗ್ಗಿ ಕೆಳಗಿಳಿದು ಬಂದು ತಂಡದ ಮುಖ್ಯಸ್ಥನಿಗೆ, ಕೆಂಪು ಗಡ್ಡದ ಎತ್ತರದ ಮನುಷ್ಯನಿಗೆ, ಇಂಗ್ಲಿಷಿನಲ್ಲಿ ಅದನ್ನು ವಿವರಿಸಿದರು. ಅವನು ತಿರುಗಿ ತನ್ನವರನ್ನು ನೋಡಿದ. ಮುಖದ ತುಂಬ ಚುಕ್ಕೆಗಳಿದ್ದ ಒಬ್ಬ ಹುಡುಗಿ ತನ್ನ ಬೂಟು ನೋಡಿಕೊಂಡಳು, ಮತ್ತೆ ಅವನನ್ನು ನೋಡಿದಳು. ಅವನು ಏನೋ ಕೇಳಿದ, ಸರ್ ನಗುತ್ತ ತಲೆಯಾಡಿಸಿದರು.

ಆಗ ನಾನು ಮುತ್ಯಾನ ಪಕ್ಕದಲ್ಲೇ ಇದ್ದೆ. ಅವನ ಕೈ ನನ್ನ ಹೆಗಲ ಮೇಲಿತ್ತು. ಮುತ್ಯಾ, ಅವರ ಬೂಟಿನಾಗ ಸದ್ದು ಐತಿ ಎಂದು ಕಿವಿಯಲ್ಲಿ ಹೇಳಿದ್ದರೆ ಆಗುತ್ತಿತ್ತು. ಆದರೆ ಅಷ್ಟು ಹೇಳಿದರೆ ನಿನ್ನೆ ಮುಚ್ಚಿಟ್ಟದ್ದೂ ಹೊರಗೆ ಬರುತ್ತಿತ್ತು. ಸಾವಿರ ಮಂದಿಯ ಮುಂದೆ ಅವನು ಸಿಟ್ಟಾದರೆ? ದೀಪ ಹಚ್ಚಿದ್ದನ್ನು ಬಿಟ್ಟು ಹೊರಟರೆ? ಅಷ್ಟರಲ್ಲಿ ಕೆಂಪು ಗಡ್ಡದವನು ಕೈ ಜೋಡಿಸಿ ಒಪ್ಪಿಕೊಂಡ. ಎಂಟೂ ಮಂದಿ ಮೆಟ್ಟಿಲ ಮೇಲೆ ಕೂತು ದಾರ ಬಿಚ್ಚಿದರು. ಎಂಟು ಜೋಡಿ ಬೂಟು ಅಟ್ಟದ ಕೆಳಗೆ ಸಾಲಾಗಿ ನಿಂತವು, ಮಂದಿ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು.

ಮೊದಲ ಸಾಲಿನ ಕುರ್ಚಿಯಲ್ಲಿ ಮುತ್ಯಾನನ್ನು ಕೂರಿಸಿ ನಾನು ಕಾಲ ಬಳಿ ಕೂತೆ. ಅವನು ಬಲಗಿವಿಯನ್ನು ಅಟ್ಟದ ಕಡೆ ಮಾಡಿ, ಎರಡೂ ಅಂಗೈ ಮೊಣಕಾಲ ಮೇಲೆ ಇಟ್ಟುಕೊಂಡ. ಪಿಟೀಲು ಸುರುವಾಯಿತು, ಕೊಳಲು ಕೂಡಿತು. ಎಂಟು ಮಂದಿ ಬರಿಗಾಲಲ್ಲಿ ಕುಣಿದರು. ಅದೇ ಕುಣಿತ, ಅದೇ ನೆಟ್ಟಗಿನ ಕೈ, ಅದೇ ಹಾರುವ ಕಾಲು. ಸದ್ದು ಮಾತ್ರ ಇರಲಿಲ್ಲ. ಹಸಿ ಬಟ್ಟೆ ಕಲ್ಲಿಗೆ ಮುಟ್ಟಿಸಿದಂಥ ಒಂದು ಮೆತ್ತನೆಯ ಸದ್ದು, ಅದೂ ಸ್ಪೀಕರಿನಲ್ಲಿ ಬರುತ್ತಿದ್ದ ಪಿಟೀಲಿನಲ್ಲಿ ಮುಳುಗಿಹೋಯಿತು. ಕುಣಿಯುವವರ ಮುಖದಲ್ಲಿ ನಿನ್ನೆಯ ಉಮೇದು ಇರಲಿಲ್ಲ. ಆದರೂ ಕಣ್ಣಿದ್ದವರಿಗೆ ಅದೊಂದು ಹಬ್ಬವೇ. ಹಿಂದಿನವರು "ಏನ್ ಕಾಲಪ್ಪಾ ಅವು" ಎಂದು ಮಾತಾಡಿಕೊಂಡರು.

"ಸುರು ಆತೇನ?" ಮುತ್ಯಾ ಬಾಗಿ ಕೇಳಿದ.

"ಆಗೇತಿ."

"ಕುಣ್ಯಾಕತ್ತಾರೇನ?"

"ಹೂಂ."

ಅವನು ರುಮಾಲನ್ನು ಬಲಗಿವಿಯ ಮೇಲಿಂದ ಸರಿಸಿಕೊಂಡ. ಬೆರಳು ಮೊಣಕಾಲ ಮೇಲೆ ಎರಡು ಸಲ ಆಡಿ ನಿಂತವು. ಮತ್ತೆ ಬಾಗಿದ. ಈ ಸಲ ದನಿ ಸಣ್ಣದಾಗಿತ್ತು.

"ನಿನ್ನಿ ಕುಣಿಧಂಗ ಕುಣ್ಯಾಕತ್ತಾರೇನವ್ವಾ? ಕುದುರಿ ಓಡಿಧಂಗ?"

ನಾನು ಹೂಂ ಅಂದೆ.

ಯಾಕೆ ಅಂದೆ? ಇಲ್ಲ ಅಂದರೆ ಯಾಕೆ ಎಂದು ಕೇಳುತ್ತಾನೆ, ಯಾಕೆ ಎಂದು ಹೇಳಿದರೆ ತನ್ನ ಒಂದು ಮಾತಿನಿಂದ ದೂರದೇಶದವರ ಕುಣಿತ ಮೂಕಾಯಿತು ಎಂದು ಅವನಿಗೆ ಗೊತ್ತಾಗುತ್ತದೆ, ಅವನಿಗೆ ಅವಮಾನವಾಗುತ್ತದೆ ಎಂದು ಯೋಚಿಸಿದೆ ಎಂದು ದೊಡ್ಡವಳಾದ ಮೇಲೆ ನಾನೇ ನನಗೆ ಹೇಳಿಕೊಂಡದ್ದುಂಟು. ಅದು ಖರೆ ಅಲ್ಲ. ಆಗ ನನಗಿದ್ದದ್ದು ಸಿಕ್ಕಿಬೀಳುವ ಹೆದರಿಕೆ, ಅಷ್ಟೇ. ಮಂದಿ ಚಪ್ಪಾಳೆ ತಟ್ಟಿದಾಗ ಮುತ್ಯಾನೂ ತಟ್ಟಿದ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಅವ್ವ ಮನೆಯಲ್ಲೇ ಉಳಿದಿದ್ದಳು, ಹಿಂತಿರುಗುವಾಗ ರಿಕ್ಷಾದಲ್ಲಿ ನಾವಿಬ್ಬರೇ. ಅವನು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಪಿಟೀಲಿನ ಸೂರು ಕೇಳತೈತಿ," ಅಂದ. "ಮಂದಿ ಮಾತು ಕೇಳತೈತಿ. ಕಾಲು ಕೇಳಲಿಲ್ಲ. ನೆಲದ ಸದ್ದು ಮೊದಲ ಹೋಗತೈತಿ ಅಂತಿದ್ದರು ನಮ್ಮ ಹಿರ್ಯಾರು, ಕಿವಿ ಹೋಗೂ ಮುಂದ." ಸ್ವಲ್ಪ ದೂರ ಹೋದ ಮೇಲೆ, "ನಿಮ್ಮವ್ವನ ಮುಂದ ಹೇಳಬ್ಯಾಡ," ಅಂದ.

ಹೇಳುವುದಿಲ್ಲ ಅಂದೆ.

ಕಾರ್ಯಕ್ರಮ ಮುಗಿದಾಗ ಕುಲಕರ್ಣಿ ಸರ್ ನಮಗೆ ಹುಡುಗಿಯರಿಗೆ ಒಂದು ಮಾತು ಹೇಳಿದ್ದರು. ತಂಡದವರು ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಕಾಲೇಜಿನ ಸಭಾಂಗಣದಲ್ಲಿ ಬೂಟು ಹಾಕಿಕೊಂಡು ಒಂದು ಕುಣಿತ ತೋರಿಸುತ್ತಾರಂತೆ, ನೋಡುವ ಆಸೆ ಇದ್ದವರು ಒಂಬತ್ತಕ್ಕೆ ಬರಬಹುದು, ಮನೆಯವರನ್ನೂ ಕರೆದುಕೊಂಡು ಬರಬಹುದು ಎಂದು. ಮುತ್ಯಾನನ್ನು ಕರೆದುಕೊಂಡು ಹೋಗಬೇಕು ಎಂದು ರಾತ್ರಿಯೆಲ್ಲ ಅಂದುಕೊಂಡೆ. ಬೆಳಿಗ್ಗೆ ಅವನು ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಬ್ಬಿಸಿದರೆ ಎಲ್ಲ ಹೇಳಬೇಕಾಗುತ್ತದೆ. ಎರಡು ಸಲ ಹತ್ತಿರ ಹೋದೆ, ಎರಡು ಸಲ ಹಿಂದೆ ಬಂದೆ. ಕೊನೆಗೆ ನಾನೊಬ್ಬಳೇ ಹೋದೆ.

ಇನ್ನೊಂದನ್ನು ಹೇಳಿಯೇ ಬಿಡುತ್ತೇನೆ. ಅಲ್ಲಿ ನನಗೆ ಬಹಳ ಸಂತೋಷವಾಯಿತು. ಸಭಾಂಗಣದ ಹಳೆಯ ಮರದ ವೇದಿಕೆಯ ಮೇಲೆ ಅವರು ಮನಸ್ಸು ಬಿಚ್ಚಿ ಕುಣಿದರು. ಕಿಟಕಿಯ ಗಾಜು ಅದುರಿದವು. ಚುಕ್ಕೆ ಮುಖದ ಹುಡುಗಿ ಕುಣಿತ ಮುಗಿಸಿ ಬಂದು ನನ್ನನ್ನು ಕೂರಿಸಿ, ತನ್ನ ಬೂಟು ಬಿಚ್ಚಿ ನನ್ನ ಕಾಲಿಗೆ ಹಾಕಿದಳು. ಒಳಗೆ ಇನ್ನೂ ಅವಳ ಕಾಲಿನ ಬಿಸಿ ಇತ್ತು. ನಾನು ಎದ್ದು ನಿಂತು ಟಕ್ ಟಕ್ ಎಂದು ಬಡಿದೆ, ಎಲ್ಲರೂ ನಕ್ಕರು. ಆ ಅರ್ಧ ಗಂಟೆಯಲ್ಲಿ ನನಗೆ ಮುತ್ಯಾನ ನೆನಪು ಒಮ್ಮೆಯೂ ಬರಲಿಲ್ಲ. ಮನೆಗೆ ಬಂದಾಗ ಅವನು ಎದ್ದು ಕೂತಿದ್ದ. ಎಲ್ಲಿ ಹೋಗಿದ್ದೆ ಎಂದು ಕೇಳಿದ. ಸಾಲಿಗೆ ಅಂದೆ.

ಆ ವಾರದ ಪತ್ರಿಕೆಯಲ್ಲಿ ಬೂಟುಗಳ ಫೋಟೋ ಬಂತು. ನಮ್ಮ ನೆಲದ ಸಂಸ್ಕೃತಿಗೆ ಪರದೇಶದವರು ತಲೆಬಾಗಿದರು ಎಂದು ಬರೆದಿದ್ದರು. ಅಪ್ಪ ಅದನ್ನು ಮುತ್ಯಾನಿಗೆ ಓದಿ ಹೇಳಿದ. ಬೂಟ್ಯಾಕ ಹಾಕ್ಕೊಂಡಿದ್ದರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಈಗ ಅದೂ ಅನುಮಾನ.

ಸಂಕ್ರಾಂತಿ ಮುಗಿದ ಮೇಲೆ ಬಸಪ್ಪ ಮತ್ತು ಈರಪ್ಪ ಮತ್ತೆ ಬಂದರು. ಅವ್ವ ಅವರಿಗಾಗಿ ಶೇಂಗಾ ಹೋಳಿಗೆ ಮಾಡಿದ್ದಳು, ಅಷ್ಟು ಭರವಸೆ ಅವಳಿಗೆ. ಮುತ್ಯಾ ಅವರು ತಿಂದು ಮುಗಿಸುವವರೆಗೆ ಕಾದ.

"ಕಣ್ಣು ಇಲ್ಲಂದ್ರ ನಡೀತಿತ್ತು," ಅಂದ. "ಹೆಜ್ಜಿ ಕೇಳದಾಂವ ಏನ ಕಲಸ್ಲಿ? ಬ್ಯಾರೇದಾರನ್ನ ನೋಡ್ಕೋರಿ."

"ಯಾರ ಅಂದಾರ್ರಿ ಕೇಳೂದಿಲ್ಲಂತ?" ಎಂದ ಈರಪ್ಪ. "ಈಗ ಇಲ್ಲೇ ನಾ ನಾಲ್ಕ ಹೆಜ್ಜಿ ಹಾಕತೇನಿ, ತಪ್ಪ ತಗೀರಿ ನೋಡೂಣು."

ಅವನು ನಿಜವಾಗಿಯೂ ಎದ್ದು ನಿಂತ. ಮುತ್ಯಾ ಎರಡೂ ಕೈ ಮುಂದೆ ಮಾಡಿ ತಡೆದ. "ಬ್ಯಾಡೋ. ಶಿಷ್ಯಾನ ಮುಂದ ಸೋಲೂದು ಬ್ಯಾಡ ನನಗ."

ಈರಪ್ಪ ಕೂತುಬಿಟ್ಟ. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದೆ. ನನ್ನ ಕೈಯಲ್ಲಿ ಅವರಿಗೆ ತಂದ ನೀರಿನ ಚರಿಗೆ ಇತ್ತು. ಅದನ್ನು ಒಳಗೆ ಒಯ್ದು ಇಟ್ಟು ಹಿತ್ತಲಿಗೆ ಹೋಗಿ ಅತ್ತೆ.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಮುತ್ಯಾನೊಂದಿಗೆ ಕೂಗಿ ಮಾತಾಡತೊಡಗಿದರು. ಅವ್ವ ಸುರು ಮಾಡಿದಳು, ಆಮೇಲೆ ಅಪ್ಪ, ಆಮೇಲೆ ಓಣಿಯವರು. ಕಿವಿ ತೋರಿಸಲು ಮಿರಜಿಗೆ ಹೋಗೋಣ ಎಂದು ಅಪ್ಪ ಅಂದಾಗ, ಕಣ್ಣಿಗೆ ಹೋಗಿ ಏನು ಬಂತು ಎಂದು ಮುತ್ಯಾ ಒಲ್ಲೆ ಅಂದ. ಊಟಕ್ಕೆ ಬಾ ಎಂದು ಕೂಗುವುದು ಎದುರು ಮನೆಗೆ ಕೇಳುತ್ತಿತ್ತು. ಅವನು ಮೊದಮೊದಲು ಬೆಚ್ಚಿ ಬೀಳುತ್ತಿದ್ದ, ಆಮೇಲೆ ರೂಢಿಯಾಯಿತು. ಅವನಿಗೆ ಎಲ್ಲವೂ ಕೇಳುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನೂ ಕೂಗಿಯೇ ಮಾತಾಡಿದೆ. ಮೂರು ವರ್ಷ. ಅಂಗಳದಲ್ಲಿ ಕುಂಟಬಿಲ್ಲೆ ಆಡುವಾಗ ಅವನು, ತನ್ನ ಕಿವಿಯನ್ನು ತಾನೇ ನಂಬದೆ, ಹೆಸರು ಹೇಳುವುದನ್ನು ಎಂದೋ ಬಿಟ್ಟಿದ್ದ. ನಾವು ದೊಡ್ಡವರಾಗಿ ಆಟವೂ ನಿಂತಿತು.

ನಾನೀಗ ಬನಹಟ್ಟಿಯಲ್ಲಿ ಸಾಲಿ ಕಲಿಸುತ್ತೇನೆ. ಹುನ್ನೂರಿನಲ್ಲಿ ಬಯಲಾಟ ಮುತ್ಯಾನ ಹಿಂದೆಯೇ ಹೋಯಿತು. ಎರಡು ವರ್ಷ ಬಸಪ್ಪನೇ ಕಲಿಸಿ ನೋಡಿದ, ಆಗಲಿಲ್ಲ. ಈಗ ಯುಗಾದಿಯ ಮುಂದೆ ದೊಡ್ಡ ಸ್ಪೀಕರು ತರಿಸುತ್ತಾರೆ. ಬೆನ್ನು ಮಾಡಿ ಕೂತು ಹೆಜ್ಜೆ ತಿದ್ದುತ್ತಿದ್ದ ಮನುಷ್ಯನೊಬ್ಬನಿದ್ದ ಎಂದರೆ ಅಲ್ಲಿನ ಮಕ್ಕಳು ನಂಬುವುದಿಲ್ಲ. ಅವನು ಹಾಡಿನ ನಡುವೆ ಹೇಳಿಕೊಡುತ್ತಿದ್ದ ಹೆಜ್ಜೆಗಳನ್ನು ಬರೆದಿಟ್ಟವರಿಲ್ಲ. ಬರೆದಿಡಬಹುದಾಗಿದ್ದವಳು ನಾನೇ ಇದ್ದೆ, ಅವನ ಪಕ್ಕದಲ್ಲೇ ಕೂತು ಸಾಲಿಯ ಪಾಠ ಓದುತ್ತಿದ್ದೆ.

ನನ್ನ ಹತ್ತನೇ ತರಗತಿಯ ಪರೀಕ್ಷೆಯ ಮುಂದೆ ಅವನಿಗೆ ಜ್ವರ ಹತ್ತಿ ಇಳಿಯಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಬಾಗಿಲಲ್ಲಿ ಕೂತು ಓದುತ್ತಿದ್ದೆ. ತಲೆ ಎತ್ತಿದಾಗ ಅವನು ಗೋಡೆಗೆ ಒರಗಿ ಕೂತದ್ದು ಕಂಡು, ಕೂಗುವುದನ್ನು ಮರೆತು, ನನಗೆ ನಾನೇ ಅನ್ನುವಷ್ಟು ಸಣ್ಣಗೆ "ಮುತ್ಯಾ" ಅಂದೆ.

"ಏನವ್ವಾ?" ಅಂದ ತಕ್ಷಣ.

ಅವನು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕಾದ. ಅವನ ಕೈ ಹೊರಸಿನ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ಇನ್ನೊಂದು ಮಾತು ಅಷ್ಟೇ ಸಣ್ಣಗೆ ಬಂದಿದ್ದರೆ ಅವನಿಗೆ ತನ್ನ ಕಿವಿ ತಿರುಗಿ ಸಿಗುತ್ತಿತ್ತು. ಆಮೇಲೆ ಅವನು ಕೇಳುತ್ತಿದ್ದ, ಅಂದು ಹಾಗಾದರೆ ಏನಾಗಿತ್ತು ಎಂದು.

ನಾನು ಎದ್ದು ಹತ್ತಿರ ಹೋಗಿ, ಬಾಗಿ, ಗಂಟಲು ಹರಿಯುವಂತೆ ಕೂಗಿದೆ. "ನೀರು ಬೇಕೇನ, ಮುತ್ಯಾ?"

ಬ್ಯಾಡ ಎಂದು ಅವನು ಗೋಡೆಯ ಕಡೆ ಹೊರಳಿದ.